ಅಂಬರ್ ಕೊಳ್ಳುವ ಮೊದಲು ಬಣ್ಣದ ಮೂಲ ಹುಡುಕುವುದು ಹೇಗೆ?

ನನ್ನ ಹತ್ತಿರ ಹಸಿರು ಅಂಬರ್‌ನ ಒಂದು ಪೆಂಡೆಂಟ್ ಇತ್ತು. ಬೆಳ್ಳಿ ಕಟ್ಟು, ಹಿಂಬದಿ ಪೂರ್ತಿ ಮುಚ್ಚಿತ್ತು. ಕೊಂಡಿ ಸಡಿಲವಾಯಿತೆಂದು ಅಕ್ಕಸಾಲಿಗರಿಗೆ ಕೊಟ್ಟೆ. ಅವರು ಅಂಬರನ್ನು ಬಿಡಿಸಿ, ಹಿಂದೆ ಬಳಿದಿದ್ದ ಕಪ್ಪನ್ನು ಒಂದಿಷ್ಟು ಕೆರೆದು ತೋರಿಸಿದರು. ಕೆರೆದ ಜಾಗದಲ್ಲಿ ಹಸಿರು ಇರಲಿಲ್ಲ, ತಿಳಿ ಹಳದಿ ಇತ್ತು. ಮಾರಿದವರು ಇದನ್ನು ಹೇಳಿಯೇ ಇರಲಿಲ್ಲ. ತುಂಬಾ ಬೇಜಾರಾಯಿತು. ಅಂದಿನಿಂದ ಅಂಬರ್ ಕಂಡಲ್ಲೆಲ್ಲ ನನ್ನ ಮೊದಲ ಪ್ರಶ್ನೆ ಒಂದೇ: ಈ ಬಣ್ಣ ಎಲ್ಲಿಂದ ಬಂತು? ಮರದಿಂದಲೋ, ಗಾಳಿಗುಳ್ಳೆಯಿಂದಲೋ, ವಯಸ್ಸಿನಿಂದಲೋ, ಒಲೆಯಿಂದಲೋ?

ಅಂಬರ್ ಕಲ್ಲಲ್ಲ. ಮರದಿಂದ ಒಸರಿದ ಅಂಟು ಮಣ್ಣಿನಡಿ ಕೋಟ್ಯಂತರ ವರ್ಷ ಇದ್ದು ಗಟ್ಟಿಯಾದದ್ದು. ನಮ್ಮ ಮಲೆನಾಡಿನ ಹಾಲುಮಡ್ಡಿ, ಧೂಪದ ಮರದ ರಾಳ ಗೊತ್ತಲ್ವಾ, ಅದೇ ಜಾತಿಯ ವಸ್ತು. ಆಭರಣದ ಅಂಬರ್ ಹೆಚ್ಚಾಗಿ ಬರುವುದು ಬಾಲ್ಟಿಕ್ ಸಮುದ್ರದ ದಂಡೆಯಿಂದ. ರಷ್ಯಾದ ಕಲಿನಿನ್‌ಗ್ರಾದ್ ಪ್ರಾಂತ್ಯದಲ್ಲಿ ದೊಡ್ಡ ಗಣಿಯಿದೆ. ಪೋಲೆಂಡಿನ ಗ್ದಾನ್ಸ್ಕ್ ಊರಿನ ಮರಿಯಾತ್ಸ್ಕಾ ಬೀದಿಯಲ್ಲಿ ಸಾಲುಸಾಲು ಅಂಬರ್ ಅಂಗಡಿಗಳಿವೆ. ಈ ಅಂಬರ್‌ಗೆ ಸುಮಾರು 4 ಕೋಟಿ ವರ್ಷ ವಯಸ್ಸು.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ತಿಮಿಂಗಿಲದ ವಾಂತಿ ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಬರುತ್ತದಲ್ಲ, ಅದು ಅಂಬರ್‌ಗ್ರಿಸ್. ಹೆಸರು ಹತ್ತಿರವಿದ್ದರೂ ವಸ್ತು ಬೇರೆಯೇ. ಅದರ ವ್ಯಾಪಾರಕ್ಕೆ ನಮ್ಮಲ್ಲಿ ನಿಷೇಧವಿದೆ. ಮರದ ಅಂಬರ್‌ಗೂ ಅದಕ್ಕೂ ಸಂಬಂಧವಿಲ್ಲ.

ಹೆಜ್ಜೆ 1: ಬೆಳಕಿಗೆ ಹಿಡಿಯಿರಿ

ಅಂಗಡಿಯ ದೀಪ ನಂಬಬೇಡಿ. ಬಾಗಿಲ ಹತ್ತಿರ ಬಂದು ಹಗಲು ಬೆಳಕಿಗೆ ಹಿಡಿಯಿರಿ. ಬೆಳಕು ಒಳಗೆ ಹಾದುಹೋಗಿ ಜೇನುತುಪ್ಪದ ಬಣ್ಣ ಕಂಡರೆ ಅದು ಎಲ್ಲಕ್ಕಿಂತ ಸಾಮಾನ್ಯ ಅಂಬರ್. ಅದೇ ಬಣ್ಣ ಗಾಢವಾಗಿ ಜೋನಿಬೆಲ್ಲದ ಹಾಗಿದ್ದರೆ ಅಂಗಡಿಯವರು ಕೊನ್ಯಾಕ್ ಎನ್ನುತ್ತಾರೆ. ಈ ಕಂದನ್ನು ಒಲೆಯ ಕಾವಿನಿಂದಲೂ ತರಿಸುತ್ತಾರೆ. ಬೆಲ್ಲದ ಪಾಕ ಕಾದಷ್ಟೂ ಕಪ್ಪೇರುವುದಿಲ್ಲವೇ, ಹಾಗೆ.

ಬೆಳಕು ಹಾಯದೆ, ಹೆಪ್ಪುಗಟ್ಟಿದ ತುಪ್ಪದಂತೆ ಮಂಕಾಗಿ ಕಂಡರೆ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಿವೆ ಎಂದು ಅರ್ಥ. ಗುಳ್ಳೆ ಹೆಚ್ಚಿದಷ್ಟೂ ಬಣ್ಣ ಬಿಳುಪಿಗೆ ತಿರುಗುತ್ತದೆ. ಜೋಗದಲ್ಲಿ ಬೀಳುವ ನೀರು ಬೆಳ್ಳಗೆ ಕಾಣುವುದೂ ಹೀಗೆಯೇ, ನೀರಿಗೆ ಬಿಳಿ ಬಣ್ಣವಿಲ್ಲ. ಹಾಲುಬಿಳಿ ಅಂಬರ್ ಕಡಿಮೆ ಸಿಗುತ್ತದೆ, ಬೆಲೆಯೂ ಜಾಸ್ತಿ. ನನಗೆ ತುಂಬಾ ಇಷ್ಟವಾದದ್ದು ಬಿಳಿ ಮತ್ತು ಹಳದಿ ಸುಳಿಸುಳಿಯಾಗಿ ಸೇರಿದ ತುಂಡು. ಅಂಥ ಎರಡು ತುಂಡು ಒಂದೇ ತರಹ ಇರುವುದಿಲ್ಲ. ಇಡೀ ಸರದಲ್ಲಿ ಎಲ್ಲ ಮಣಿಯೂ ಅಚ್ಚು ಒತ್ತಿದಂತೆ ಒಂದೇ ಬಣ್ಣದ್ದಾಗಿದ್ದರೆ ವಿಚಾರಿಸಿ. ಅಂಬರ್ ಚೂರುಗಳನ್ನು ಕಾಯಿಸಿ ಒತ್ತಿ ಮಾಡಿದ ಮಣಿಗಳೂ ಇವೆ, ಬರೀ ಪ್ಲಾಸ್ಟಿಕ್ಕೂ ಇದೆ.

ಒಳಗೆ ಮೀನಿನ ಹುರುಪೆಯಂತೆ ದುಂಡಗೆ ಮಿನುಗುವ ಬಿಲ್ಲೆಗಳಿದ್ದರೆ ಸಾಮಾನ್ಯವಾಗಿ ಅದು ಕಾಯಿಸಿದ ಅಂಬರ್. ಒಳಗಿನ ಗುಳ್ಳೆ ಕಾವಿಗೆ ಒಡೆದು ಹಾಗಾಗುತ್ತದೆ. ನೋಡಲು ಚೆಂದವೇ. ಕಾಯಿಸಿದ್ದು ತಪ್ಪೂ ಅಲ್ಲ, ಕೊಳ್ಳುವವರಿಗೆ ಹೇಳಬೇಕು ಅಷ್ಟೆ.

ಹೆಜ್ಜೆ 2: ಹಸಿರು ಕಂಡರೆ ತಿರುಗಿಸಿ ನೋಡಿ

ಮೈಯೆಲ್ಲ ಹಸಿರಾಗಿರುವ ಅಂಬರ್ ಮಣ್ಣಿನಿಂದ ಹಾಗೇ ಸಿಗುವುದು ಅಪರೂಪ. ಮಾರುಕಟ್ಟೆಯ ಹಸಿರಿಗೆ ಹೆಚ್ಚಾಗಿ ಎರಡು ದಾರಿ. ಒಂದು, ಕಾವು ಮತ್ತು ಒತ್ತಡ. ಇನ್ನೊಂದು, ಹಿಂಬದಿಯನ್ನು ಸುಟ್ಟೋ ಬಳಿದೋ ಕಪ್ಪು ಮಾಡುವುದು. ಹಳದಿಯ ಹಿಂದೆ ಕಪ್ಪು ಬಂದರೆ ಮುಂದಿನಿಂದ ಹಸಿರಾಗಿ ಕಾಣುತ್ತದೆ. ಆದ್ದರಿಂದ ಹಿಂಬದಿ ತೆರೆದಿರುವ ಕಟ್ಟನ್ನೇ ಕೇಳಿ, ಅಡ್ಡ ಹಿಡಿದು ಅಂಚಿನಿಂದ ನೋಡಿ. ನನ್ನ ಪೆಂಡೆಂಟ್‌ನ ಕಪ್ಪನ್ನು ಪೂರ್ತಿ ತೆಗೆಸಿ, ತೆರೆದ ಕಟ್ಟು ಹಾಕಿಸಿದೆ. ಈಗ ಅದು ಹಳದಿ.

ಕೆಂಪಿಗೂ ಇದೇ ಎಚ್ಚರ ಬೇಕು. ಗಾಳಿ ತಾಗಿ ತಾಗಿ ಅಂಬರ್‌ನ ಮೇಲ್ಮೈ ಕೆಂಪಾಗುತ್ತದೆ. ಅಜ್ಜಿಯ ಕಾಲದ ಸರಗಳು ಕೆಂಪುಗಂದಾಗಿ ಕಾಣುವುದು ಅದಕ್ಕೇ. ಆ ಕೆಂಪು ಬರೀ ಮೇಲಿನ ಪದರದ್ದು, ರಂಧ್ರದ ಒಳಗೆ ಕಣ್ಣಿಟ್ಟರೆ ಹಳದಿ ಇಣುಕಬಹುದು. ಹೊಸ ಅಂಬರನ್ನೂ ಕಾಯಿಸಿ ಇದೇ ಬಣ್ಣ ತರಿಸುತ್ತಾರೆ. ಚೆರ್ರಿ ಅಂಬರ್ ಎಂಬ ಹೆಸರಲ್ಲಿ ಮಾರುವ ಗಾಢ ಕೆಂಪಿನ ಹಳೆಯ ಮಣಿಗಳಲ್ಲಿ ಬಹಳಷ್ಟು ಬೇಕಲೈಟ್, ಅಂದರೆ ಹಳೆ ಕಾಲದ ಪ್ಲಾಸ್ಟಿಕ್. ಗಲ್ಫ್‌ನಿಂದ ತಸ್ಬೀ, ಅಂದರೆ ಮುಸ್ಲಿಮರ ಜಪಮಣಿ ತರಿಸಿಕೊಳ್ಳುವವರು ಇದನ್ನು ನೆನಪಿಡಿ.

ಬರ್ಮಾದ ಅಂಬರ್‌ನಲ್ಲಿ ಒಳ್ಳೆಯ ಕೆಂಪು ಸಿಗುತ್ತದೆ. ಅದಕ್ಕೆ ಸುಮಾರು 9.9 ಕೋಟಿ ವರ್ಷ. ಆದರೆ ಅದು ಸಿಗುವ ಕಚಿನ್ ಪ್ರಾಂತ್ಯದಲ್ಲಿ ಸೇನೆಗೂ ಕಚಿನ್ ಪಡೆಗಳಿಗೂ ಯುದ್ಧ ನಡೆದಿದೆ, ಗಣಿಯ ಹಣ ಅದರಲ್ಲಿ ಬೆರೆತಿದೆ. ನಾನು ಅದನ್ನು ಕೊಳ್ಳುವುದಿಲ್ಲ.

ಹೆಜ್ಜೆ 3: ನೀಲಿಗೆ ಕಪ್ಪು ಬಟ್ಟೆ

ನೀಲಿ ಅಂಬರ್ ನಿಜವಾಗಿಯೂ ಇದೆ, ಡೊಮಿನಿಕನ್ ಗಣರಾಜ್ಯದ್ದು ಹೆಸರುವಾಸಿ. ಬೆಳಕಿಗೆ ಎದುರಾಗಿ ಹಿಡಿದರೆ ಸಾದಾ ಹಳದಿಯೇ. ಕಪ್ಪು ಬಟ್ಟೆಯ ಮೇಲಿಟ್ಟು ಬಿಸಿಲಿಗೆ ತಂದರೆ ಮೇಲ್ಮೈಯಲ್ಲಿ ನೀಲಿ ಹೊಳಪು ಏಳುತ್ತದೆ. ಬಿಸಿಲಿನ ನೇರಳಾತೀತ ಕಿರಣಕ್ಕೆ ಅದರೊಳಗಿನ ಕೆಲವು ರಾಸಾಯನಿಕಗಳು ಹೊಳೆಯುವುದೇ ಇದಕ್ಕೆ ಕಾರಣ. ಎತ್ತ ಹಿಡಿದರೂ ನೀಲಿಯಾಗೇ ಇದ್ದರೆ ಅದು ಹಚ್ಚಿದ ಬಣ್ಣ ಎಂದೇ ತಿಳಿಯಿರಿ.

ಹೆಜ್ಜೆ 4: ಮನೆಯಲ್ಲಿ ಪರೀಕ್ಷೆ

200 ಎಂಎಲ್ ನೀರಿಗೆ 50 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿ. ಬಿಡಿ ಮಣಿಯನ್ನು ಹಾಕಿ. ಅಂಬರ್ ತೇಲುತ್ತದೆ, ಗಾಜು ಮತ್ತು ಬೇಕಲೈಟ್ ಮುಳುಗುತ್ತವೆ. ಲೋಹ ಸೇರಿದ ಒಡವೆಗೆ ಇದು ನಡೆಯುವುದಿಲ್ಲ. ಆಮೇಲೆ ಸಿಹಿ ನೀರಲ್ಲಿ ತೊಳೆದು ಒರೆಸಿ.

ತೇಲಿದ ಮಾತ್ರಕ್ಕೆ ಅಸಲಿ ಎನ್ನಬೇಡಿ. ಕೆಲವು ಪ್ಲಾಸ್ಟಿಕ್ ತೇಲುತ್ತವೆ, ಕೋಪಲ್ ಎಂಬ ಎಳೆಯ ರಾಳವೂ ತೇಲುತ್ತದೆ. ಕೋಪಲ್ ಹಿಡಿಯಲು, ಕಾಣದ ಮೂಲೆಗೆ ಅಸಿಟೋನ್ ಇರುವ ನೇಲ್‌ಪಾಲಿಶ್ ರಿಮೂವರ್ ಒಂದು ಹನಿ ಹಚ್ಚಿ. ಕೋಪಲ್ ಆದರೆ ಬೆರಳಿಗೆ ಅಂಟುತ್ತದೆ. ಕೂಡಲೇ ಒರೆಸಿಬಿಡಿ. ಕಾದ ಸೂಜಿ ಚುಚ್ಚಿ ವಾಸನೆ ನೋಡುವ ಪದ್ಧತಿಯೂ ಇದೆ, ಅದು ಬೇಡ. ಆ ಕಲೆ ಮತ್ತೆ ಹೋಗುವುದಿಲ್ಲ.

ಉಜ್ಜಿದರೆ ಹುಲ್ಲಿನ ಚೂರು ಎಳೆಯುತ್ತದೆಂದು ಸಂಸ್ಕೃತದಲ್ಲಿ ಅಂಬರ್‌ಗೆ ತೃಣಮಣಿ ಎಂದೇ ಹೆಸರು. ಮಕ್ಕಳಿಗೆ ತೋರಿಸಲು ಚೆನ್ನಾಗಿದೆ. ಆದರೆ ಉಜ್ಜಿದ ಪ್ಲಾಸ್ಟಿಕ್ ಬಾಚಣಿಗೆಯೂ ಇದನ್ನೇ ಮಾಡುವುದರಿಂದ ಪರೀಕ್ಷೆಯಾಗಿ ಉಪಯೋಗವಿಲ್ಲ.

ಕೊಂಡ ಮೇಲೆ

ಅಂಬರ್ ತುಂಬಾ ಮೆದು. ಬೇರೆ ಒಡವೆಯ ಜೊತೆ ಒಂದೇ ಡಬ್ಬಿಗೆ ಹಾಕಿದರೆ ಗೀರು ಬೀಳುತ್ತದೆ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಸೆಂಟು, ಹೇರ್‌ಸ್ಪ್ರೇ ಹಾಕಿಕೊಂಡು ಅದು ಆರಿದ ಮೇಲೆಯೇ ಸರ ಧರಿಸಿ. ಒಲೆಯ ಮುಂದೆ ನಿಲ್ಲುವಾಗ ತೆಗೆದಿಡಿ. ಬಿಲ್ ಬರೆಸುವಾಗ ಕಾಯಿಸಿದ್ದೋ, ಒತ್ತಿದ್ದೋ, ಹಿಂದೆ ಬಳಿದದ್ದೋ ಎಂಬುದನ್ನೂ ಅದರಲ್ಲೇ ಬರೆದುಕೊಡಲು ಹೇಳಿ.