ಕೊಳವೆಬಾವಿ ನೀರಿನ ಕಪ್ಪು ಕಲೆ
ನಲ್ಲಿಯಲ್ಲಿ ತಿಳಿಯಾಗಿ ಬಂದ ಕೊಳವೆಬಾವಿ ನೀರು ಬೆಳಗಾಗುವಷ್ಟರಲ್ಲಿ ಬಕೆಟ್ಟಿನಲ್ಲೇ ಕಂದು ಬಣ್ಣಕ್ಕೆ ತಿರುಗುತ್ತಿದೆಯೇ? ಶೌಚಾಲಯದ ಫ್ಲಶ್ ತೊಟ್ಟಿಯ ಒಳಗೋಡೆಯನ್ನು ಬೆರಳಿನಿಂದ ಉಜ್ಜಿ ನೋಡಿ. ಮಸಿಯಂಥ ಲೋಳೆ ಅಂಟಿದರೆ ನೀರಿನಲ್ಲಿ ಮ್ಯಾಂಗನೀಸ್ ಎಂಬ ಲೋಹ ಇರುವ ಸಾಧ್ಯತೆ ಹೆಚ್ಚು. ಕಬ್ಬಿಣದ ಕಲೆ ಕೆಂಪಗಿರುತ್ತದೆ.

ಕುದಿಸಿದರೆ ಮ್ಯಾಂಗನೀಸ್ ಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ ಮೇಲೆ ನೀರು ಇನ್ನಷ್ಟು ಕಪ್ಪಾಯಿತೆಂದು ಪಾಪ, ನೀರುಗಂಟಿಯನ್ನು ಬೈಯುವವರಿದ್ದಾರೆ. ಕರಗಿದ್ದ ಮ್ಯಾಂಗನೀಸ್ ಕ್ಲೋರಿನ್ ತಾಗಿ ಕಣ್ಣಿಗೆ ಕಾಣುವಂತಾಗಿರುತ್ತದೆ, ಅಷ್ಟೇ.

ಪ್ರಯೋಗಾಲಯಕ್ಕೆ ನೀರು ಕೊಡುವಾಗ ಮ್ಯಾಂಗನೀಸ್ ಎಂದು ಹೆಸರಿಸಿಯೇ ಪರೀಕ್ಷೆ ಕೇಳಿ. ಭಾರತೀಯ ಮಾನಕದಂತೆ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 0.3ರವರೆಗೆ. ವರದಿ ಬರುವವರೆಗೆ ಕೂಸಿಗೆ ಹಾಲಿನ ಪುಡಿ ಕಲಸಲು ಆ ನೀರು ಬೇಡವೇ ಬೇಡ.