ಸಲಹಾ ಮಂಡಳಿ ಬದಲಿಸಬೇಕೇ? ಮೊದಲು ಹಿರಿಯರ ಮನೆಗೆ ಹೋಗಿ ಬನ್ನಿ

ಕೊಪ್ಪಳದ ನಮ್ಮ ಯುವ ಕಲಾ ತಂಡದ ಲೆಟರ್‌ಹೆಡ್ಡಿನ ಎಡಬದಿಯಲ್ಲಿ ಒಂಬತ್ತು ಹೆಸರಿದ್ದವು. ಮೇಲೆ ಸಣ್ಣ ಅಕ್ಷರದಲ್ಲಿ ‘ಸಲಹಾ ಮಂಡಳಿ’ ಅಂತ ಇತ್ತು. ತಂಡ ಶುರುವಾದಾಗ ಅಚ್ಚು ಹಾಕಿಸಿದ್ದು. ಆಮೇಲೆ ನಾವ್ಯಾರೂ ಅದನ್ನು ಓದಲೇ ಇಲ್ಲ. ಹೋದ ವರ್ಷ ಬೇಸಿಗೆ ಶಿಬಿರದ ಆಮಂತ್ರಣ ಪತ್ರಿಕೆಗೂ ಅದೇ ಪಟ್ಟಿ ಎತ್ತಿ ಹಾಕಿದೆವು. ಪತ್ರಿಕೆ ಕೊಡಲು ಹೋದ ಒಂದು ಮನೆಯಲ್ಲಿ ಹೆಣ್ಣುಮಗಳೊಬ್ಬರು ಅದನ್ನು ತೆರೆದು, ಒಂದು ಹೆಸರಿನ ಮೇಲೆ ಬೆರಳಿಟ್ಟು ಸುಮ್ಮನೆ ನಿಂತರು. ಅದು ಅವರ ತಂದೆಯ ಹೆಸರು. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ‘ದಿವಂಗತ’ ಎಂಬ ಒಂದು ಪದವನ್ನೂ ನಾವು ಹಾಕಿರಲಿಲ್ಲ. ಅವರು ಸಿಟ್ಟು ಮಾಡಲಿಲ್ಲ. ಪತ್ರಿಕೆ ಮಡಚಿ ದೇವರ ಗೂಡಿನಲ್ಲಿಟ್ಟು, ‘ಕುಂದರ್ರಿ, ಚಾ ಕುಡೀರಿ’ ಎಂದರು. ಆ ಚಹಾ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಅಂದೇ ಮಂಡಳಿ ಬದಲಿಸಲು ನಿಂತೆವು. ಮುಗಿಯಲು ಐದು ತಿಂಗಳು ಹಿಡಿಯಿತು. ಕಾಗದದ ಕೆಲಸ ಎರಡು ವಾರದ್ದಷ್ಟೇ. ಉಳಿದದ್ದೆಲ್ಲ ಮನುಷ್ಯರ ಕೆಲಸ. ನಿಮ್ಮ ಊರಿನ ನಾಟಕ ತಂಡ, ಡೊಳ್ಳಿನ ಮೇಳ, ಚಿತ್ರಕಲಾ ಬಳಗ, ಯಾವುದೇ ಇರಲಿ, ಇದೇ ಸ್ಥಿತಿಯಲ್ಲಿದ್ದರೆ ನಾವು ಹೋದ ದಾರಿ ಇದು.

ಮೊದಲು ಬೈಲಾ ತೆಗೆದು ಓದಿ

ನಮ್ಮ ಭಾಗದ ಹೆಚ್ಚಿನ ತಂಡಗಳು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಕೆಳಗೆ ನೋಂದಣಿ ಆಗಿರುತ್ತವೆ. ಏಳು ಜನ ಸೇರಿದರೆ ಸಂಘ ಮಾಡಬಹುದು. ಸಂಘ ನಡೆಸುವ ಹೊಣೆ ಆಡಳಿತ ಮಂಡಳಿಯದು. ನಾವು ರೂಢಿಯಲ್ಲಿ ಕಾರ್ಯಕಾರಿ ಸಮಿತಿ ಅನ್ನುತ್ತೇವಲ್ಲ, ಅದೇ. ಲೆಕ್ಕ ತಪ್ಪಿದರೆ ಕೇಳುವುದು ಅವರನ್ನೇ. ಸಲಹಾ ಮಂಡಳಿ ಬೇರೆ. ಅದಕ್ಕೆ ಮಾತಿದೆ, ಮತ ಇಲ್ಲ. ಚೆಕ್ಕಿಗೆ ಸಹಿ ಹಾಕುವ ಅಧಿಕಾರವೂ ಇಲ್ಲ. ನಿಮ್ಮಲ್ಲಿ ಸಲಹೆಗಾರರೊಬ್ಬರು ಚೆಕ್ಕಿಗೆ ಸಹಿ ಹಾಕುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಕೊಳ್ಳಿ.

ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಸಲಹಾ ಮಂಡಳಿಯ ಮಾತು ಇದೆಯಾ ಹುಡುಕಿ. ಎಷ್ಟು ಜನ, ಎಷ್ಟು ವರ್ಷ, ಯಾರು ನೇಮಿಸಬೇಕು ಅಂತ ಬರೆದಿದ್ದರೆ ಅದರಂತೆಯೇ ನಡೆಯಬೇಕು. ಆ ಸಂಖ್ಯೆಯನ್ನೇ ಬದಲಿಸುವ ಮನಸ್ಸಿದ್ದರೆ ಅದು ಬೈಲಾ ತಿದ್ದುಪಡಿ. ಮಹಾಸಭೆಗೆ ಹೋಗಬೇಕು, ನೋಂದಣಾಧಿಕಾರಿಗೂ ಸಲ್ಲಿಸಬೇಕು. ಬೈಲಾದಲ್ಲಿ ಏನೂ ಇಲ್ಲವೆಂದರೆ ಮಂಡಳಿ ನಿಂತಿರುವುದು ಬರೀ ಒಂದು ಠರಾವಿನ ಮೇಲೆ, ಅಂದರೆ ಸಭೆಯಲ್ಲಿ ಬರೆದಿಟ್ಟ ತೀರ್ಮಾನದ ಮೇಲೆ. ಹಾಗಿದ್ದರೆ ಕಾರ್ಯಕಾರಿ ಸಮಿತಿಯ ಹೊಸ ಠರಾವು ಸಾಕು. ನಮ್ಮದು ಈ ಎರಡನೆಯ ಥರದ್ದು. ಹಳೆಯ ಠರಾವು ಹುಡುಕಲಿಕ್ಕೇ ಒಂದು ಇಡೀ ಭಾನುವಾರ ಹೋಯಿತು.

ಹೆಸರಿನ ಎದುರು ನಿಜ ಬರೆಯಿರಿ

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಪ್ರತಿ ಹೆಸರಿನ ಎದುರು ಮೂರು ಮಾತು ಬರೆಯಿರಿ. ಕೊನೆಗೆ ಯಾವಾಗ ಬಂದಿದ್ದರು? ಅವರಿಂದ ನಮ್ಮ ಹುಡುಗರಿಗೆ ಏನು ಸಿಕ್ಕಿದೆ? ಮುಂದುವರಿಯಲು ಅವರಿಗೆ ಮನಸ್ಸಿದೆಯಾ? ಮೂರನೆಯದಕ್ಕೆ ನೀವೇ ಊಹೆ ಮಾಡಬೇಡಿ. ಖಾಲಿ ಬಿಡಿ. ಅದನ್ನು ಅವರ ಬಾಯಿಂದಲೇ ಕೇಳಬೇಕು.

ನಮ್ಮ ಒಂಬತ್ತರಲ್ಲಿ ಇಬ್ಬರು ತೀರಿಕೊಂಡಿದ್ದರು. ಒಬ್ಬರು ಮಕ್ಕಳ ಜೊತೆ ಬೆಂಗಳೂರು ಸೇರಿದ್ದರು. ಇಬ್ಬರಿಗೆ ತಾವು ಮಂಡಳಿಯಲ್ಲಿದ್ದೇವೆ ಅನ್ನುವುದೇ ಗೊತ್ತಿರಲಿಲ್ಲ! ಕೇಳದೆ ಹೆಸರು ಹಾಕಿಬಿಡುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಹೆಸರು ಹಾಕಿದರೆ ಗೌರವ ಕೊಟ್ಟಂತೆ ಅಂದುಕೊಳ್ಳುತ್ತೇವೆ. ಒಬ್ಬ ಮನುಷ್ಯನ ಒಪ್ಪಿಗೆ ಕೇಳುವುದೇ ಗೌರವ ಅಂತ ನನಗೆ ಈಗ ಅನ್ನಿಸುತ್ತದೆ.

ಬಿಡುವವರ ಮನೆಗೆ ಹೋಗಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಫೋನು ಸಾಲದು. ವಾಟ್ಸ್ಆ್ಯಪ್ ಮೆಸೇಜು ಬೇಡವೇ ಬೇಡ. ಗ್ರೂಪಿನಿಂದ ಮೊದಲು ತೆಗೆದು ಆಮೇಲೆ ವಿಷಯ ತಿಳಿಸುವ ತಪ್ಪನ್ನಂತೂ ಮಾಡಲೇಬೇಡಿ. ಊರಲ್ಲಿ ನಾಲ್ಕು ಜನರ ಮುಂದೆ ಎಬ್ಬಿಸಿ ಕಳಿಸಿದ ಹಾಗೆ ಆಗುತ್ತದೆ. ಅಧ್ಯಕ್ಷರು, ಕಾರ್ಯದರ್ಶಿ, ಜೊತೆಗೆ ತಂಡದ ಒಬ್ಬ ಹುಡುಗ ಅಥವಾ ಹುಡುಗಿ, ಹೀಗೆ ಮೂವರು ಹೋಗಿ. ದೊಡ್ಡವರಷ್ಟೇ ಹೋದರೆ ಮಾತು ಆಫೀಸಿನ ಮಾತಾಗುತ್ತದೆ.

ತೀರಿಕೊಂಡವರ ಮನೆಗೂ ಹೋಗಬೇಕು. ನಾವು ಆ ಹೆಣ್ಣುಮಗಳ ಮನೆಗೆ ಎರಡನೇ ಸಲ ಹೋಗಿ, ‘ತಪ್ಪಾಯಿತ್ರಿ’ ಎಂದು ಕೇಳಿಕೊಂಡೆವು. ಅವರ ತಂದೆ ತಂಡಕ್ಕೆ ಏನು ಮಾಡಿದ್ದರು ಎಂದು ಒಂದು ಪುಟ ಬರೆದು ಕೊಟ್ಟೆವು. ಅದನ್ನೇ ನಡಾವಳಿ ಪುಸ್ತಕದಲ್ಲೂ ದಾಖಲು ಮಾಡಿದೆವು.

ಇನ್ನೊಬ್ಬ ಹಿರಿಯರು ಕಿನ್ನಾಳದವರು. ಅಲ್ಲಿ ಚಿತ್ರಗಾರ ಮನೆತನಗಳು ಇನ್ನೂ ಕಟ್ಟಿಗೆಯ ಬೊಂಬೆ, ದೇವರ ಮೂರ್ತಿ ಮಾಡುತ್ತವೆ. ಕಿನ್ನಾಳ ಕಲೆಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ, ಅಂದರೆ ಇದು ಆ ಊರಿನದೇ ಕಲೆ ಎನ್ನುವ ಅಧಿಕೃತ ಗುರುತು ಸಿಕ್ಕಿದೆ. ನಾವು ಹೋದಾಗ ಅವರು ಪಡಸಾಲೆಯಲ್ಲಿ ಕುಳಿತು ಒಂದು ಮೂರ್ತಿಯ ಭುಜಕ್ಕೆ ಹುಣಸೆ ಬೀಜದ ಅಂಟು ಸವರುತ್ತಿದ್ದರು. ಬೆರಳ ಸಂದಿಯಲ್ಲೆಲ್ಲ ಅಂಟು. ನಾನು ಪತ್ರ ಮುಂದೆ ಚಾಚಿದೆ. ಅವರು ಕೈ ತೋರಿಸಿ, ‘ಓದಿ ಹೇಳ್ರಿ’ ಎಂದರು. ಜೊತೆಗಿದ್ದ ಹುಡುಗಿ ಓದಿದಳು. ವಯಸ್ಸಾಗಿದೆ, ಬಸ್ಸಿನಲ್ಲಿ ಓಡಾಡುವುದು ಕಷ್ಟ, ಹೊಸಬರಿಗೆ ಜಾಗ ಕೊಡೋಣ ಅಂತ ಮೆತ್ತಗೆ ಬರೆದಿದ್ದೆವು. ಅವರು ಅಂಟು ಸವರುವುದನ್ನು ನಿಲ್ಲಿಸಲಿಲ್ಲ. ‘ನನ್ನ ಹೆಸರು ತೆಗೀರಿ, ಅಡ್ಡಿ ಇಲ್ಲ. ಶನಿವಾರ ಹುಡುಗರನ್ನ ಕಳಸೂದು ಮಾತ್ರ ಬಿಡಬ್ಯಾಡ್ರಿ’ ಎಂದರು. ನಮಗೆ ಬಹಳ ಹೊತ್ತು ಮಾತೇ ಹೊರಡಲಿಲ್ಲ. ಅವರ ಹೆಸರು ಪಟ್ಟಿಯಿಂದ ಹೋಯಿತು. ಶನಿವಾರದ ಪಾಠ ನಿಂತಿಲ್ಲ.

ಹೋಗುವಾಗ ಹಾರ, ಶಾಲು, ಫೋಟೋ ಅಂತ ಗದ್ದಲ ಬೇಡ. ಸನ್ಮಾನ ಮಾಡಬೇಕಿದ್ದರೆ ತಂಡದ ಪ್ರದರ್ಶನದ ದಿನ, ಹುಡುಗರ ಎದುರಿಗೆ ಮಾಡಿ. ಮನೆಗೆ ಹೋಗುವುದು ಮಾತಾಡಲಿಕ್ಕೆ.

ಹೊಸಬರು ಯಾರು?

ಮೊದಲು ತಂಡಕ್ಕೆ ಏನು ಕೊರತೆ ಇದೆ ನೋಡಿ, ಆಮೇಲೆ ಹೆಸರು. ನಾವು ಹುಡುಗರನ್ನೇ ಕೂರಿಸಿ ಕೇಳಿದೆವು. ಲೆಕ್ಕ ಬರೆಯಲು ಕಲಿಸುವವರು ಬೇಕು ಅಂದರು. ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರವೋ ಬಳ್ಳಾರಿಯ ರಾಘವ ಕಲಾಮಂದಿರವೋ, ದೊಡ್ಡ ವೇದಿಕೆಯಲ್ಲಿ ಬೆಳಕು ಹೇಗೆ ಕಟ್ಟಬೇಕು ಅಂತ ಗೊತ್ತಿರುವವರು ಬೇಕು ಅಂದರು. ಒಬ್ಬಳು ಹುಡುಗಿ ಮೆಲ್ಲಗೆ, ‘ನಮಗ ಮಾತಾಡಾಕ ಒಬ್ರು ಅಕ್ಕಾರು ಬೇಕ್ರಿ’ ಎಂದಳು. ಆ ಒಂದು ಮಾತಿಗೆ ನಮ್ಮ ಪಟ್ಟಿಯ ಮೊದಲ ಜಾಗ ಹೋಯಿತು. ಈಗ ಇಬ್ಬರು ಹೆಣ್ಣುಮಕ್ಕಳು ಮಂಡಳಿಯಲ್ಲಿದ್ದಾರೆ. ಒಬ್ಬರು ನಿವೃತ್ತ ನರ್ಸ್.

ಇದು ಮಕ್ಕಳ ರಕ್ಷಣೆಗೂ ಸೇರಿದ ವಿಷಯ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಲೈಂಗಿಕ ಕಿರುಕುಳದ ವಿಷಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದೆ ಸುಮ್ಮನಿರುವುದು ಅಪರಾಧ. ಮಕ್ಕಳ ಸಹಾಯವಾಣಿ 1098. ಸಲಹೆಗಾರರು ತಾಲೀಮಿಗೆ ಬಂದು ಹೋಗುವವರು. ಈ ಮಾತು ಅವರಿಗೂ ಮೊದಲ ದಿನವೇ ಗೊತ್ತಿರಬೇಕು. ಎಷ್ಟೇ ದೊಡ್ಡ ಕಲಾವಿದರಿರಲಿ, ಇದರಲ್ಲಿ ಸಂಕೋಚ ಬೇಡ.

ಡಿಗ್ರಿ, ಹುದ್ದೆ ನೋಡಿ ಸಲಹೆಗಾರರನ್ನು ಆರಿಸಬೇಡಿ. ನಮ್ಮ ನೆಲದ ಕಲೆ ಬೆಳೆದದ್ದು ಹಾಗಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರಿಗೆ ಅಕ್ಷರ ಬರುತ್ತಿರಲಿಲ್ಲ. ಬರೆದರೆ ಸಾವಿರಾರು ಪುಟ ಆಗುವಷ್ಟು ಕಾವ್ಯವನ್ನು ನೆನಪಿನಿಂದಲೇ ಹಾಡುತ್ತಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ ಕೆಲಸ ಮಾಡಿದರು. ಇಂಥ ಅರಿವು ಇರುವವರು ನಿಮ್ಮ ಪಕ್ಕದ ಹಳ್ಳಿಯಲ್ಲೂ ಇರಬಹುದು. ಅವರನ್ನು ಕರೆಯುವಾಗ ನಮ್ಮ ಪದ್ಧತಿ ಬದಲಾಗಬೇಕು. ನೋಟಿಸ್ ಕಳಿಸಿದರೆ ಸಾಲದು, ಫೋನು ಮಾಡಿ ಓದಿ ಹೇಳಬೇಕು. ಸಭೆಯಲ್ಲೂ ಲೆಕ್ಕವನ್ನು ಹಾಳೆ ಹಂಚಿ ಬಿಡದೆ ಬಾಯಲ್ಲಿ ಹೇಳಬೇಕು. ದಿನದ ದುಡಿಮೆ ಬಿಟ್ಟು ಬರುವ ಕಲಾವಿದರಿಗೆ ಬಸ್ ಚಾರ್ಜಿನ ಜೊತೆ ಅಂದಿನ ಕೂಲಿಯಷ್ಟಾದರೂ ಕೊಡಿ. ಅದನ್ನು ಲೆಕ್ಕದಲ್ಲಿ ನೇರವಾಗಿ ಬರೆಯಿರಿ.

ಇನ್ನು ಯುವಕರು. 2014ರ ರಾಷ್ಟ್ರೀಯ ಯುವ ನೀತಿ 15ರಿಂದ 29 ವರ್ಷದವರನ್ನು ಯುವಜನ ಅನ್ನುತ್ತದೆ. ನಮ್ಮ ಹಳೆಯ ಮಂಡಳಿಯಲ್ಲಿ ಐವತ್ತರ ಒಳಗಿನವರು ಒಬ್ಬರೂ ಇರಲಿಲ್ಲ. ಹೆಸರಿಗೆ ಯುವ ತಂಡ! ಈಗ ಹೊಸ ಮಂಡಳಿಯ ಏಳು ಜನರಲ್ಲಿ ಇಬ್ಬರು ಯುವಕರು. ಒಬ್ಬನಿಗೆ ಹದಿನೇಳು. 18 ತುಂಬದವರನ್ನು ಪದಾಧಿಕಾರಿ ಮಾಡಬೇಡಿ, ಅವರ ಸಹಿಗೆ ಕರಾರಿನಲ್ಲಿ ಬೆಲೆ ಇಲ್ಲ. ಆದರೆ ಸಲಹೆ ಕೊಡಲು ಏನಡ್ಡಿ? ಮನೆಯವರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಒಬ್ಬರನ್ನೇ ಹಾಕಬೇಡಿ, ದೊಡ್ಡವರ ನಡುವೆ ಬಾಯಿ ಬಿಡುವುದಿಲ್ಲ. ಊರಿಗೆ ಹೋಗುವ ಕೊನೇ ಬಸ್ಸಿಗೆ ಮುಂಚೆ ಸಭೆ ಮುಗಿಸಿ.

ರಾಜಕೀಯ ಪಕ್ಷದ ಮುಖಂಡರನ್ನು ಸೇರಿಸಿದರೆ ಅನುದಾನ ಸಿಗುತ್ತದೆ ಅಂತ ಹೇಳುವವರು ಸಿಗುತ್ತಾರೆ. ಅವರನ್ನು ಅತಿಥಿಯಾಗಿ ಕರೆಯಿರಿ, ಮಂಡಳಿಗೆ ಬೇಡ. ನನ್ನ ಈ ಮಾತನ್ನು ಒಪ್ಪದವರಿದ್ದಾರೆ, ಆದರೂ ಹೇಳುತ್ತೇನೆ. ಚುನಾವಣೆ ಬಂದಾಗ ತಂಡ ಒಂದು ಪಕ್ಷದ್ದು ಅನ್ನಿಸಿಕೊಂಡರೆ, ಮಕ್ಕಳನ್ನು ಕಳಿಸುವ ಅರ್ಧ ಊರು ಹಿಂದೆ ಸರಿಯುತ್ತದೆ.

ಒಪ್ಪಿಗೆ ಬರಹದಲ್ಲಿ

ಒಂದು ಪುಟದ ಪತ್ರ ಸಾಕು. ಅವಧಿ ಎಷ್ಟು, ವರ್ಷಕ್ಕೆ ಎಷ್ಟು ಸಭೆ, ಖರ್ಚು ಯಾರದು, ಹೆಸರನ್ನು ಎಲ್ಲೆಲ್ಲಿ ಹಾಕುತ್ತೀರಿ. ನಾವು ಮೂರು ವರ್ಷ, ವರ್ಷಕ್ಕೆ ನಾಲ್ಕು ಸಭೆ ಅಂತ ಇಟ್ಟೆವು. ಇನ್ನೊಂದು ಸಾಲು ಮರೆಯಬೇಡಿ: ತಂಡದ ಕೆಲಸ ಸಲಹೆಗಾರರ ಮನೆಯವರ ಅಂಗಡಿಗೋ ಪ್ರಿಂಟಿಂಗ್ ಪ್ರೆಸ್ಸಿಗೋ ಹೋಗುವಂತಿದ್ದರೆ ಅವರು ಮೊದಲೇ ತಿಳಿಸಬೇಕು, ಆ ಚರ್ಚೆಯಲ್ಲಿ ಕೂರಬಾರದು. ಸಣ್ಣ ಊರಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರೇ. ಅದಕ್ಕೇ ಇದನ್ನು ಬರೆದಿಡಬೇಕು.

ಎಲ್ಲರನ್ನೂ ಒಂದೇ ದಿನ ಬದಲಿಸಬೇಡಿ. ಹಳೆಯ ಒಂಬತ್ತರಲ್ಲಿ ಮೂವರನ್ನು ನಾವು ಉಳಿಸಿಕೊಂಡೆವು. ತಂಡ ಹುಟ್ಟಿದ ಕಥೆ ಗೊತ್ತಿರುವವರು ಒಬ್ಬರಾದರೂ ಕೋಣೆಯಲ್ಲಿ ಇರಬೇಕು, ಅಲ್ವಾ?

ಸಭೆ, ಠರಾವು

ನೋಟಿಸಿಗೆ ಎಷ್ಟು ದಿನ, ಕೋರಂ (ಸಭೆಗೆ ಇರಲೇಬೇಕಾದ ಕನಿಷ್ಠ ಹಾಜರಿ) ಎಷ್ಟು, ಇವು ನಿಮ್ಮ ಬೈಲಾದಲ್ಲೇ ಇರುತ್ತವೆ. ನೋಟಿಸಿನಲ್ಲಿ ‘ಸಲಹಾ ಮಂಡಳಿ ಪುನರ್‌ರಚನೆ’ ಅಂತ ವಿಷಯ ಸ್ಪಷ್ಟವಾಗಿ ಬರೆಯಿರಿ. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ’ ಅನ್ನುವುದರಲ್ಲಿ ಇದನ್ನು ತುರುಕಬೇಡಿ. ನಾವು ಬರೆದ ಠರಾವು ಹೀಗಿತ್ತು:

‘ಸಲಹಾ ಮಂಡಳಿಯ ಹಿಂದಿನ ಸದಸ್ಯರ ಸೇವೆಯನ್ನು ಸಭೆ ಕೃತಜ್ಞತೆಯಿಂದ ಸ್ಮರಿಸಿತು. ಈ ಕೆಳಗಿನ ಏಳು ಜನರ ಲಿಖಿತ ಒಪ್ಪಿಗೆ ಪಡೆದಿದ್ದು, ಅವರನ್ನು ಇಂದಿನಿಂದ ಮೂರು ವರ್ಷದ ಅವಧಿಗೆ ಸಲಹಾ ಮಂಡಳಿಗೆ ನೇಮಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಮಂಡಳಿಯ ಸಲಹೆಗಳನ್ನು ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಮಂಡಿಸಿ, ಒಪ್ಪಿದ ಅಥವಾ ಒಪ್ಪದ ಕಾರಣವನ್ನು ದಾಖಲಿಸತಕ್ಕದ್ದು.’

ಕೆಳಗೆ ಸೂಚಕರು, ಅನುಮೋದಕರು, ಹಾಜರಿದ್ದವರ ಸಹಿ. ಕೊನೆಯ ವಾಕ್ಯ ನಾವು ಬೇಕೆಂದೇ ಸೇರಿಸಿದ್ದು. ಸಲಹೆ ಕೇಳಿ ಮರೆತುಬಿಟ್ಟರೆ ಮುಂದಿನ ಸಭೆಗೆ ಯಾರೂ ಬರುವುದಿಲ್ಲ. ನಡಾವಳಿ ಪುಸ್ತಕದಲ್ಲಿ ವೈಟ್ನರ್ ಹಚ್ಚಬೇಡಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ.

ಆಫೀಸಿನ ಕೆಲಸ

ಇಲ್ಲಿ ಹೆಚ್ಚು ಓಡಾಟ ಇಲ್ಲ. ವಾರ್ಷಿಕ ಮಹಾಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ಆಡಿಟ್ ಆದ ಲೆಕ್ಕದ ಜೊತೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಹಕಾರ ಸಂಘಗಳ ಉಪನಿಬಂಧಕರೇ ಆ ಅಧಿಕಾರಿ. ಆ ಪಟ್ಟಿ ಆಡಳಿತ ಮಂಡಳಿಯದು. ಬರೀ ಸಲಹೆಗಾರರು ಬದಲಾದರೆ ಅದು ಬದಲಾಗುವುದಿಲ್ಲ. ಸಲಹೆಗಾರರೊಬ್ಬರು ಕಾರ್ಯಕಾರಿ ಸಮಿತಿಗೆ ಬಂದರೆ ಮಾತ್ರ ಅಲ್ಲಿ ಹೆಸರು ಸೇರಿಸಬೇಕು. ಬ್ಯಾಂಕಿಗೂ ಅಷ್ಟೇ: ಸಹಿ ಹಾಕುವವರು ಬದಲಾಗದಿದ್ದರೆ ಹೋಗುವ ಅಗತ್ಯ ಇಲ್ಲ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಧನಸಹಾಯದ ಅರ್ಜಿ ಹಾಕುವವರು ಒಂದು ಎಚ್ಚರ ವಹಿಸಿ. ಅರ್ಜಿಯಲ್ಲಿ, ಲೆಟರ್‌ಹೆಡ್ಡಿನಲ್ಲಿ, ಠರಾವಿನ ನಕಲಿನಲ್ಲಿ ಹೆಸರುಗಳು ಒಂದೇ ಥರ ಇರಲಿ. ಇನಿಷಿಯಲ್ ಕೂಡ.

ಮೊದಲ ಸಭೆ ತಾಲೀಮಿನ ಕೋಣೆಯಲ್ಲಿ

ಹೋಟೆಲ್ಲಿನ ಹಾಲ್ ಬೇಡ. ಹುಡುಗರು ತಾಲೀಮು ಮಾಡುವ ಕಡೆಯೇ ಕರೆಯಿರಿ. ನಾವು ಮೊದಲ ಅರ್ಧ ತಾಸು ಏನೂ ಮಾತಾಡದೆ ತಾಲೀಮು ತೋರಿಸಿದೆವು. ನೋಡುತ್ತಿದ್ದ ನಿವೃತ್ತ ನರ್ಸ್ ಮೊದಲು ಕೇಳಿದ ಪ್ರಶ್ನೆ, ‘ಹೆಣ್ಣುಹುಡುಗ್ಯಾರು ಬಟ್ಟಿ ಎಲ್ಲಿ ಬದಲಿಸ್ತಾರ?’ ಅಂತ. ನಮ್ಮಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಇಷ್ಟು ವರ್ಷ ಯಾರಿಗೂ ಅದು ಹೊಳೆದಿರಲಿಲ್ಲ. ಮುಂದಿನ ವಾರ ಮೂಲೆಗೆ ಒಂದು ಮರೆ, ಚಿಲಕ ಇರುವ ಬಾಗಿಲು ಬಂತು.

ಹೊಸ ಲೆಟರ್‌ಹೆಡ್ಡಿನಲ್ಲಿ ನಾವು ಸಲಹೆಗಾರರ ಹೆಸರು ಅಚ್ಚು ಹಾಕಿಸಲಿಲ್ಲ. ಒಂದು ಹಾಳೆಯಲ್ಲಿ ಬರೆದು ತಾಲೀಮಿನ ಕೋಣೆಯ ಗೋಡೆಗೆ ಅಂಟಿಸಿದ್ದೇವೆ. ಏಳು ಹೆಸರು, ಪ್ರತಿ ಹೆಸರಿನ ಎದುರು ಅವಧಿ ಮುಗಿಯುವ ತಾರೀಕು. ಪ್ರತಿ ಯುಗಾದಿಗೆ ಆ ಹಾಳೆ ತೆಗೆದು ಓದಿ, ಹೊಸದು ಅಂಟಿಸುವ ಕೆಲಸ ಆ ಹದಿನೇಳರ ಹುಡುಗನದು.