ವಸ್ತು ಕಡಿಮೆ ಮಾಡಲು ಹೊರಟ ಮೊದಲ ವರ್ಷ: ನನ್ನ ಅನುಭವ

ಧಾರವಾಡದ ನಮ್ಮ ಮನೆಯಲ್ಲಿ ನವರಾತ್ರಿಯ ಘಟಸ್ಥಾಪನೆಗೆ ಮುಂಚೆ ಹಾಸಿಗೆ, ಹೊದಿಕೆ, ಕೌದಿಗಳನ್ನೆಲ್ಲ ಒಗೆದು, ಅಟ್ಟದ ಮೇಲಿನ ಪಾತ್ರೆಗಳನ್ನು ಕೆಳಗಿಳಿಸಿ ತೊಳೆದು, ಒಣಗಿಸಿ, ಮತ್ತೆ ಮೇಲೇರಿಸುವ ಪದ್ಧತಿಯಿದೆ. 2023ರಲ್ಲಿ ಈ ಕೆಲಸಕ್ಕೆ ನನಗೂ ನನ್ನ ಪತಿಗೂ ಪೂರ್ತಿ ನಾಲ್ಕು ದಿನ ಹಿಡಿಯಿತು. ಕೆಳಗಿಳಿಸಿದ ಪಾತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹಿಂದಿನ ವರ್ಷ ತೊಳೆದಿಟ್ಟ ಮೇಲೆ ಒಮ್ಮೆಯೂ ಒಲೆ ಕಂಡಿರಲಿಲ್ಲ. ವರ್ಷಕ್ಕೊಮ್ಮೆ ತೊಳೆಯುವುದಕ್ಕಾಗಿಯೇ ಇವುಗಳನ್ನು ಇಟ್ಟುಕೊಂಡಿದ್ದೇವೆಯೇ ಎಂಬ ಪ್ರಶ್ನೆ ಹಬ್ಬ ಮುಗಿದರೂ ನನ್ನನ್ನು ಬಿಡಲಿಲ್ಲ. ಬೇಕಾದಷ್ಟೇ ವಸ್ತುಗಳೊಂದಿಗೆ ಬದುಕುವ ಬಗ್ಗೆ ಮಿನಿಮಲಿಸಂ ಎಂಬ ಹೆಸರಿನಲ್ಲಿ ಬಂದ ಕೆಲವು ಬರಹಗಳನ್ನು ಅದೇ ದಿನಗಳಲ್ಲಿ ಓದಿದ್ದೆ. ದೀಪಾವಳಿಯೊಳಗೆ ಮನೆಯನ್ನು ಹಗುರ ಮಾಡಬೇಕೆಂದು ನಿಶ್ಚಯಿಸಿದೆ.

ಆ ಅವಸರವೇ ನನ್ನ ಮೊದಲ ತಪ್ಪಾಯಿತು. ಎರಡು ವಾರಗಳಲ್ಲಿ ಹನ್ನೊಂದು ಚೀಲಗಳನ್ನು ತುಂಬಿ ಮನೆಯಿಂದ ಹೊರಗೆ ಕಳಿಸಿದೆ. ಹಳೆಯ ಚಪ್ಪಲಿ, ಮುರಿದ ಕುರ್ಚಿ, ಮುಚ್ಚಳವಿಲ್ಲದ ಡಬ್ಬಿಗಳ ಬಗ್ಗೆ ಯಾರೂ ಏನನ್ನೂ ಹೇಳಲಿಲ್ಲ. ಅವುಗಳ ಜೊತೆಗೆ ಅಟ್ಟದ ಮೂಲೆಯಲ್ಲಿದ್ದ ಒಂದು ಹಿತ್ತಾಳೆ ಕೊಡವನ್ನೂ ಪಾತ್ರೆ ಅಂಗಡಿಗೆ ಒಯ್ದು ತೂಕಕ್ಕೆ ಹಾಕಿದ್ದೆ. ನಮ್ಮ ಅತ್ತೆಯವರು ಆಗ ಗದಗಿನ ಮಗಳ ಮನೆಗೆ ಹೋಗಿದ್ದರು. ಮರಳಿ ಬಂದ ಮೂರನೆಯ ದಿನ ಅವರಿಗೆ ವಿಷಯ ತಿಳಿಯಿತು. ಅವರು ಸಿಟ್ಟು ಮಾಡಲಿಲ್ಲ. "ಒಂದ ಮಾತ ನನ್ನ ಕೇಳಬೇಕಿತ್ತಲ್ಲವಾ, ನಮ್ಮವ್ವ ಕೊಟ್ಟಿದ್ದ ಕೊಡಾ ಅದು" ಎಂದಷ್ಟೇ ಹೇಳಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ನಾನು ಅಲ್ಲಿದ್ದೆ. ಆದರೆ ಹಳೆಯ ಹಿತ್ತಾಳೆಯನ್ನೆಲ್ಲ ಎರಡು ದಿನ ಮೊದಲೇ ಕರಗಿಸಲು ಕಳಿಸಿಯಾಗಿತ್ತು. ಆ ಕೊಡವನ್ನು ನಾನು ಎಂದಿಗೂ ಹಿಂದಿರುಗಿಸಲಾರೆ ಎಂಬ ನೋವು ಇಂದಿಗೂ ನನ್ನಲ್ಲಿದೆ.

ಆ ದಿನದಿಂದ ಒಂದು ನಿಯಮ ಮಾಡಿಕೊಂಡೆ: ನನ್ನದಲ್ಲದ ವಸ್ತುವಿನ ಬಗ್ಗೆ ನಿರ್ಧಾರ ನನ್ನದಲ್ಲ. ನಾನು ಓದಿದ ಬರಹಗಳು ಪ್ರತಿಯೊಂದು ವಸ್ತುವನ್ನು ಕೈಯಲ್ಲಿ ಹಿಡಿದು ಅದು ತನಗೆ ಬೇಕೇ ಎಂದು ಕೇಳಿಕೊಳ್ಳಲು ಹೇಳುತ್ತವೆ. ಒಬ್ಬರೇ ಇರುವ ಮನೆಗೆ ಆ ಪ್ರಶ್ನೆ ಸಾಕಾಗಬಹುದು. ಮೂರು ತಲೆಮಾರು ಒಂದೇ ಅಟ್ಟವನ್ನು ಹಂಚಿಕೊಂಡ ಮನೆಯಲ್ಲಿ ಇದು ಯಾರದು, ಯಾರು ಕೊಟ್ಟದ್ದು ಎಂಬ ಪ್ರಶ್ನೆಗಳು ಮೊದಲು ಬರಬೇಕು. ನಾನು ಮತ್ತು ಅತ್ತೆಯವರು ಮುಂದಿನ ಒಂದು ಭಾನುವಾರ ಮಧ್ಯಾಹ್ನ ಉಳಿದ ಪಾತ್ರೆಗಳ ಮುಂದೆ ಕುಳಿತೆವು. ಯಾವ ಪಾತ್ರೆ ಯಾರ ಮದುವೆಯಲ್ಲಿ ಬಂದದ್ದು, ಯಾವುದರಲ್ಲಿ ಎಷ್ಟು ಜನಕ್ಕೆ ಹುಗ್ಗಿ ಮಾಡುತ್ತಿದ್ದರು ಎಂದು ಅವರು ಹೇಳುತ್ತಾ ಹೋದರು, ಹೇಳಿ ಮುಗಿದ ಮೇಲೆ ತಾವಾಗಿಯೇ ಹದಿನಾಲ್ಕು ಪಾತ್ರೆಗಳನ್ನು ಬದಿಗೆ ಸರಿಸಿದರು. ಅವುಗಳಲ್ಲಿ ದೊಡ್ಡವು ಊರಿನ ಗುಡಿಯ ದಾಸೋಹಕ್ಕೆ ಹೋದವು. ಒಂದು ಹಿತ್ತಾಳೆ ಬೋಗುಣಿಯನ್ನು ಮಾತ್ರ ಕಲಾಯಿ ಮಾಡಿಸಿಕೊಡಲು ಕೇಳಿದರು. ಒಳಗಿನ ತವರದ ಲೇಪ ಸವೆದ ಹಿತ್ತಾಳೆಯಲ್ಲಿ ಹುಣಸೆಹುಳಿ ಹಾಕಿದ ಸಾರು ಕಿಲುಬು ಹಿಡಿದು ಕೆಡುತ್ತದೆ; ಹಾಗಾಗಿಯೇ ಅದು ಅಟ್ಟ ಸೇರಿತ್ತು, ಬೇಡವಾಗಿ ಅಲ್ಲ. ಕಲಾಯಿ ಹಾಕುವವರನ್ನು ಹುಡುಕಲು ಮೂರು ವಾರ ಬೇಕಾಯಿತು. ಈಗ ನಮ್ಮ ಮನೆಯ ಕಟ್ಟಿನ ಸಾರು ಕುದಿಯುವುದು ಅದರಲ್ಲಿಯೇ. ಬಳಕೆಯಲ್ಲಿಲ್ಲ ಎಂಬುದು ಬೇಡ ಎಂಬುದಕ್ಕೆ ಸಾಕ್ಷಿಯಲ್ಲ, ಕೆಲವೊಮ್ಮೆ ದುರಸ್ತಿ ಆಗಿಲ್ಲ ಎಂಬುದಕ್ಕೆ ಮಾತ್ರ ಸಾಕ್ಷಿ ಎಂದು ನಾನು ಕಲಿತದ್ದು ಆ ಬೋಗುಣಿಯಿಂದ.

ಬಟ್ಟೆಗಳ ವಿಷಯ ಸುಲಭವಾಗಿ ಮುಗಿಯಿತು. ಹಳೆಯ ನೂಲಿನ ಸೀರೆಗಳನ್ನು ಪದರ ಪದರವಾಗಿ ಹರಡಿ ಕೌದಿ ಹೊಲಿಯುವ ಕಸುಬು ನಮ್ಮ ಭಾಗದಲ್ಲಿ ಇನ್ನೂ ಉಳಿದಿರುವುದರಿಂದ ಮೆತ್ತಗಾದ ಸೀರೆ, ಧೋತರಗಳಿಗೆ ದಾರಿ ಸಿಕ್ಕಿತು. ಸಿಂಥೆಟಿಕ್ ಸೀರೆಗಳು ಕೌದಿಗೆ ಒಗ್ಗುವುದಿಲ್ಲ, ಬೆವರು ಹೀರುವುದಿಲ್ಲ, ಮಣ್ಣಿನಲ್ಲಿ ಕೊಳೆಯುವುದೂ ಇಲ್ಲ. ಇವು ಹೊರಹೋಗಲು ದಾರಿಯೇ ಇಲ್ಲದ ಬಟ್ಟೆಗಳು ಎಂದು ತಿಳಿದ ಮೇಲೆ ಅಂಗಡಿಯಲ್ಲಿ ಬೆಲೆಗಿಂತ ಮೊದಲು ನೂಲನ್ನು ನೋಡುವುದು ನನಗೆ ರೂಢಿಯಾಗಿದೆ.

ನಾನು ಹೆಚ್ಚು ಕಲಿತದ್ದು ಖಣಗಳಿಂದ. ನಮ್ಮ ಕಡೆ ಕುಪ್ಪಸದ ಬಟ್ಟೆಗೆ ಖಣ ಎನ್ನುತ್ತಾರೆ. ಮದುವೆ, ಸೀಮಂತ, ತೊಟ್ಟಿಲು, ವಾಸ್ತುಶಾಂತಿ ಎಂದು ಯಾರ ಮನೆಗೆ ಹೋದರೂ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಶಿನ ಬೇರಿನೊಂದಿಗೆ ಒಂದು ಖಣವಿಟ್ಟು ಉಡಿ ತುಂಬುತ್ತಾರೆ. ಹಿಂದೆ ಹೀಗೆ ಬಂದ ಖಣ ಗುಳೇದಗುಡ್ಡದ ಕೈಮಗ್ಗದ್ದಾಗಿರುತ್ತಿತ್ತು ಅಥವಾ ಕನಿಷ್ಠ ಗಟ್ಟಿ ನೂಲಿನದಾಗಿರುತ್ತಿತ್ತು, ಪಡೆದವಳು ಹೊಲಿಸಿಕೊಂಡು ತೊಡುತ್ತಿದ್ದಳು. ಈಗ ಬರುವವುಗಳಲ್ಲಿ ಬಹುಪಾಲು ಹೊಲಿದರೆ ಸೀಳುವಷ್ಟು ತೆಳುವಾದ, ಒಂದು ಕುಪ್ಪಸಕ್ಕೂ ಸಾಲದಷ್ಟು ಗಿಡ್ಡವಾದ ಬಟ್ಟೆಗಳು. ನಮ್ಮ ಕಪಾಟಿನಲ್ಲಿ ಅಂಥವು ಅರವತ್ಮೂರು ಇದ್ದವು. ನಾನು ಅವುಗಳನ್ನು ಬೇರೆಯವರ ಉಡಿಗೆ ಹಾಕುತ್ತಿದ್ದೆ, ಅವರು ಮತ್ತೊಬ್ಬರ ಉಡಿಗೆ ಹಾಕುತ್ತಿದ್ದರು. ನಾನೇ ಮೂಲೆಯಲ್ಲಿ ಶಾಯಿಯ ಗುರುತು ಮಾಡಿದ್ದ ಒಂದು ಖಣ ಎರಡು ವರ್ಷಗಳ ನಂತರ ನನ್ನ ಉಡಿಗೇ ಮರಳಿ ಬಂದಿತ್ತು. ಯಾರೂ ತೊಡದ ಈ ಬಟ್ಟೆ ಹರಸುವ ಒಂದು ಒಳ್ಳೆಯ ಪದ್ಧತಿಯ ಹೆಸರಿನಲ್ಲಿ ಓಣಿಯ ಕಪಾಟುಗಳನ್ನೆಲ್ಲ ತುಂಬುತ್ತಿರುವುದು ನನಗೆ ನಿಜವಾಗಿ ದುಃಖ ತಂದಿತು.

ಖಣವನ್ನು ಬೇಡವೆನ್ನುವುದು ಸಾಧ್ಯವಿರಲಿಲ್ಲ. ಉಡಿಯನ್ನು ನಿರಾಕರಿಸಿದರೆ ಹಾರೈಕೆಯನ್ನೇ ನಿರಾಕರಿಸಿದಂತೆ. ಆದ್ದರಿಂದ ಮೊದಲು ನಾನು ಕೊಡುವ ರೀತಿಯನ್ನು ಬದಲಿಸಿದೆ. ವರ್ಷದಲ್ಲಿ ಆರೇಳು ಜನಕ್ಕೆ ಮಾತ್ರ, ತೊಡುವಂಥ ಒಳ್ಳೆಯ ಖಣವನ್ನು ಅವರ ಬಣ್ಣದ ಇಷ್ಟ ಕೇಳಿ ತಂದು ಕೊಡಲಾರಂಭಿಸಿದೆ. ಉಳಿದವರ ಉಡಿಗೆ ಅಕ್ಕಿ, ಕೊಬ್ಬರಿ, ಹಣ್ಣು, ಎಲೆ ಅಡಿಕೆಗಳನ್ನೇ ಧಾರಾಳವಾಗಿ ಹಾಕಿದೆ. ಒಬ್ಬಿಬ್ಬರು ಮುಖ ಸಣ್ಣದು ಮಾಡಿಕೊಂಡರು. ಆಗ ಓಣಿಯ ಒಬ್ಬ ಹಿರಿಯ ತಾಯಿ ಎಲ್ಲರೆದುರು ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳದೆ ಇದ್ದಲ್ಲಿಯೇ ಸುರಿದು ಬರಲು ಕಳಿಸಿದ ಪ್ರಸಂಗ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಆದರೆ ಆ ದಿನ ಅದರಲ್ಲಿ ನನಗೆ ಹೊಸದಾಗಿ ಕಂಡದ್ದು ಲಕ್ಕಮ್ಮ ನಿಂತ ಜಾಗ. ಆಕೆ ಹೆಚ್ಚಾದುದನ್ನು ಮನೆಯೊಳಗೆ ಸೇರಿಸಿಕೊಂಡು ಆಮೇಲೆ ಹೊರಹಾಕಲಿಲ್ಲ, ಹೊಸ್ತಿಲಲ್ಲೇ ತಡೆದಳು. ನಾನು ಎರಡು ವಾರ ಮಾಡಿದ್ದು ಹೊರಹಾಕುವ ಕೆಲಸ, ಮಾಡಬೇಕಾಗಿದ್ದದ್ದು ಹೊಸ್ತಿಲಿನ ಕೆಲಸ. ಅರವತ್ಮೂರು ಖಣಗಳಲ್ಲಿ ಗಟ್ಟಿಯಾಗಿದ್ದ ಇಪ್ಪತ್ತರಷ್ಟನ್ನು ಹೊಲಿಗೆ ಕಲಿಯುವ ಹುಡುಗಿಯರಿಗೆ ಕೊಟ್ಟೆ, ಉಳಿದವು ಚೀಲ ಮತ್ತು ಪಾತ್ರೆ ಹಿಡಿಯುವ ಬಟ್ಟೆಗಳಾದವು. ಕಳೆದ ವರ್ಷ ನಮ್ಮ ಮನೆಗೆ ಬಂದ ಹೊಸ ಖಣಗಳು ಒಂಬತ್ತು.

ಹೊಸ್ತಿಲಿನ ಮಾತು ನನಗೂ ಅನ್ವಯಿಸಬೇಕಿತ್ತು. ಅಡುಗೆಮನೆ ಅಚ್ಚುಕಟ್ಟಾಗಿ ಕಾಣಲೆಂದು ಅದೇ ಅವಧಿಯಲ್ಲಿ ಒಂದೇ ಅಳತೆಯ ಇಪ್ಪತ್ನಾಲ್ಕು ಗಾಜಿನ ಡಬ್ಬಿಗಳನ್ನು ನಾನೇ ಕೊಂಡು ತಂದಿದ್ದೆ. ಚೆನ್ನಾಗಿದ್ದ ಸ್ಟೀಲ್ ಡಬ್ಬಿಗಳನ್ನು ಖಾಲಿ ಮಾಡಿ ಬೇಳೆಕಾಳುಗಳನ್ನು ಅವುಗಳಲ್ಲಿ ತುಂಬಿದೆ. ಸರಳವಾಗುವುದಕ್ಕಾಗಿ ಏನನ್ನಾದರೂ ಕೊಳ್ಳಬೇಕೆನಿಸಿದಾಗ ಈಗ ಒಂದು ತಿಂಗಳು ಕಾಯುತ್ತೇನೆ. ಆ ತಿಂಗಳು ಕಳೆಯುವಷ್ಟರಲ್ಲಿ ಹೆಚ್ಚಿನವು ಮರೆತುಹೋಗಿರುತ್ತವೆ.

ಇನ್ನು ಕೆಲವು ವಸ್ತುಗಳನ್ನು ಕಡಿಮೆ ಮಾಡಬಾರದು ಎಂಬುದೂ ಒಂದು ಪಾಠ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರಿಂದ ದಿನದ 24 ಗಂಟೆ ನಳದ ನೀರು ಬರುತ್ತಿದೆ. ನಮ್ಮ ಓಣಿಗೆ ಮಲಪ್ರಭೆಯ ನೀರು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡವಾಗಿ ಬರುತ್ತದೆ. ಬಚ್ಚಲಿನಲ್ಲಿ ಸಾಲಾಗಿ ನಿಂತ ಡ್ರಮ್ಮುಗಳು ಅಂದಗೆಡಿಸುತ್ತವೆ ಎಂದು ಎರಡನ್ನು ತೆಗೆಸಿದೆ. ಮುಂದಿನ ಏಪ್ರಿಲ್‌ನಲ್ಲಿ ನೀರು ಹತ್ತು ದಿನ ತಡವಾದಾಗ ಪಕ್ಕದ ಮನೆಯವರಿಂದ ಕೊಡ ತುಂಬಿಸಿಕೊಂಡು ಬರುವ ಸ್ಥಿತಿ ಬಂತು. ಬೇಕೆಂದಾಗ ದೊರೆಯುತ್ತದೆ ಎಂಬ ಭರವಸೆ ಇರುವೆಡೆಯಲ್ಲಿ ಮಾತ್ರ ಸಂಗ್ರಹವನ್ನು ಬಿಡಬಹುದು. ನಮ್ಮ ಹಿರಿಯರು ಕೂಡಿಡುತ್ತಿದ್ದುದು ಆಸೆಯಿಂದಲ್ಲ, ಬರ ಕಂಡ ನೆನಪಿನಿಂದ. ಆ ಲೆಕ್ಕವನ್ನು ನಾನು ಹಗುರವಾಗಿ ಕಂಡೆನೆಂದು ಈಗ ಅನ್ನಿಸುತ್ತದೆ. ಡ್ರಮ್ಮುಗಳು ಹಿಂದಿರುಗಿವೆ.

ಅವಧಿ ಮೀರಿದ ಔಷಧಿ, ಹಳೆಯ ಬ್ಯಾಟರಿ, ಸುಟ್ಟ ಸಿಎಫ್ಎಲ್ ಬಲ್ಬುಗಳನ್ನು ಒಣಕಸದೊಂದಿಗೆ ಬೆರೆಸಬಾರದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇವುಗಳನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿದ್ದವು. ಕಸದ ಗಾಡಿಯವರಿಗೆ ಬೇರೆಯಾಗಿ ಕಟ್ಟಿ, ಏನಿದೆ ಎಂದು ಹೇಳಿ ಕೊಡಬೇಕು. ಪುಸ್ತಕಗಳನ್ನು ನಮ್ಮ ಮೂಲ ಹಳ್ಳಿಯ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಲು ಹೋದಾಗ ಅಲ್ಲಿಯ ಮೇಲ್ವಿಚಾರಕರು ಮಕ್ಕಳ ಪುಸ್ತಕಗಳನ್ನೂ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನೂ ಸಂತೋಷದಿಂದ ತೆಗೆದುಕೊಂಡು, ಪಠ್ಯಕ್ರಮ ಬದಲಾದ ಹಳೆಯ ಗೈಡುಗಳನ್ನು ವಿನಯದಿಂದ ಮರಳಿಸಿದರು. ಅದು ಸರಿಯೆನಿಸಿತು. ನಮಗೆ ರದ್ದಿಯಾದದ್ದು ಹಳ್ಳಿಯ ಮಕ್ಕಳಿಗೆ ದಾನವಾಗಬಾರದು. ಪತಿಯ ಮೂವತ್ತು ವರ್ಷಗಳ ದೀಪಾವಳಿ ವಿಶೇಷಾಂಕಗಳು ಪಡಸಾಲೆಯ ಒಂದು ಗೋಡೆಯನ್ನು ಹಿಡಿದಿವೆ. ಅವರು ಅವುಗಳನ್ನು ತೆಗೆದು ಓದುತ್ತಾರೆ, ಆದ್ದರಿಂದ ಅವು ಅಲ್ಲಿಯೇ ಇರುತ್ತವೆ.

2024ರ ನವರಾತ್ರಿಗೆ ಮುಂಚಿನ ಕೆಲಸ ಒಂದೂವರೆ ದಿನದಲ್ಲಿ ಮುಗಿಯಿತು. ಅಟ್ಟದ ಮೇಲೆ ಅತ್ತೆಯವರ ಒಂದು ಕಬ್ಬಿಣದ ಟ್ರಂಕಿದೆ. ಅದರಲ್ಲಿ ಏನಿದೆಯೆಂದು ನಾನು ಕೇಳಿಲ್ಲ. ಈ ಸಲ ಅದನ್ನು ಕೆಳಗಿಳಿಸಲು ಅವರೇ ಹೇಳಿದರು. ಬಾಗಿಲು ಹಾಕಿಕೊಂಡು ಒಬ್ಬರೇ ಕುಳಿತು, ಸಂಜೆ ಡಾಂಬರು ಗುಳಿಗೆಗಳನ್ನು ತರಿಸಿಕೊಂಡು ಹೊಸದಾಗಿ ಹಾಕಿದರು. ನಾನೂ ಪತಿಯೂ ಅದನ್ನು ಎರಡು ಕಡೆ ಹಿಡಿದು ಇದ್ದ ಜಾಗಕ್ಕೇ ಏರಿಸಿದೆವು.